ಮತವನ್ನು ಕಂಡೆವು; ಕರ್ತನನ್ನು ಕಂಡೆವೋ?

ಈ ಶಾಲೆಯಲ್ಲಿ ಓದಿದ ನಾವೆಲ್ಲರೂ ಸತ್ಯವೇದದ ವಚನಗಳನ್ನು ಬಾಯಿಪಾಠ ಮಾಡಿದವರೇ. ಬೆಳಗಿನ ಪ್ರಾರ್ಥನೆಗೆ ತಪ್ಪದೆ ನಿಂತವರೇ. ಇಷ್ಟುಮಾತ್ರದಿಂದ ನಾವು ದೇವರನ್ನು ಅರಿತೆವೆಂದು ಹೇಳಬಹುದೇ? ಪಂಡಿತಾ ರಮಾಬಾಯಿಯವರ ಜೀವಿತವು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ.

1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದ ಈ ವಿದುಷಿಯು 1883ರಲ್ಲಿ ಇಂಗ್ಲೆಂಡಿನ ವಾಂಟೇಜ್ ಎಂಬಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ಸ್ಥಾಪಿಸಿ, ವಿಧವೆಯರಿಗೆ ವಿದ್ಯೆಯನ್ನೂ ಆಶ್ರಯವನ್ನೂ ಕೊಟ್ಟರು. ಅವರಲ್ಲಿ ಜ್ಞಾನಕ್ಕೂ ಸೇವೆಗೂ ಕೊರತೆಯಿರಲಿಲ್ಲ. ಆದರೂ ಆತ್ಮಕ್ಕೆ ತೃಪ್ತಿಯಿರಲಿಲ್ಲ. ತಾವು ಕ್ರೈಸ್ತಮತವನ್ನು ಕಂಡುಕೊಂಡಿದ್ದರೂ ಅದರ ಜೀವವಾದ ಕ್ರಿಸ್ತನನ್ನು ಇನ್ನೂ ಕಂಡುಕೊಂಡಿಲ್ಲವೆಂಬುದು ದೀಕ್ಷೆಯಾಗಿ ಎಂಟು ವರ್ಷಗಳಾದ ಮೇಲೆ ತಮಗೆ ತಿಳಿಯಿತೆಂದು ಅವರೇ ಬರೆದಿಟ್ಟಿದ್ದಾರೆ. ಆಗ ಅವರು ತಾವಿದ್ದಂತೆಯೇ ಆತನ ಬಳಿಗೆ ಬಂದರು.

ಇದರಿಂದ ಅವರ ಸೇವೆಯು ಕುಗ್ಗಿತೇ? ಇಲ್ಲ. 1896–97ರ ಕ್ಷಾಮದಲ್ಲಿ ದಿಕ್ಕಿಲ್ಲದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವಿನಲ್ಲಿ ಸಲಹಿದರು. ಬೇರು ನೀರನ್ನು ಮುಟ್ಟಿದರೆ ಮರವು ಫಲ ಕೊಡುವುದಷ್ಟೆ.

ನಮ್ಮ ರೂಢಿಯಾದರೋ ಬೇರೆ. ಮನೆಗೆಲಸವೂ ಸಭೆಯ ಕೆಲಸವೂ ಹೆಚ್ಚಿದಾಗ ನಾವು ಮೊದಲು ಬಿಡುವುದು ಏಕಾಂತ ಪ್ರಾರ್ಥನೆಯನ್ನೇ. ಮಾರ್ಥಳು ಮಾಡಿದ ಉಪಚಾರವು ಒಳ್ಳೆಯದೇ. ಆದರೆ ಮರಿಯಳು ಕರ್ತನ ಪಾದದ ಬಳಿಯಲ್ಲಿ ಕುಳಿತದ್ದು ಅದಕ್ಕಿಂತ ಮೊದಲಿನದು.

ಹೆತ್ತವರಿಗೂ ಒಂದು ಮಾತು. ನಮ್ಮ ನಂಬಿಕೆಯು ಹೊಲಮನೆಗಳಂತೆ ಮಕ್ಕಳ ಪಾಲಿಗೆ ತಾನಾಗಿ ಬರುವುದಿಲ್ಲ. ಅವರಿಗೆ ಕೀರ್ತನೆಗಳನ್ನು ಕಲಿಸೋಣ. ಅದರೊಡನೆ, ದೇವರ ಸಂಗಡ ತಾವೇ ಮಾತನಾಡುವುದನ್ನೂ ಕಲಿಸೋಣ. ಅದನ್ನು ಕಲಿಸಬೇಕಾದರೆ ಮೊದಲು ನಾವು ಮೊಣಕಾಲೂರಬೇಕು.