ಹಳೆಯ ಬಣ್ಣವನ್ನು ಕೆರೆಯುವ ಮುನ್ನ

ಯುಗಾದಿಯೋ ದೀಪಾವಳಿಯೋ ಸಮೀಪಿಸಿದಾಗ, ಅಥವಾ ಮನೆಯಲ್ಲಿ ಮದುವೆ ಮುಂಜಿಗಳು ನಿಶ್ಚಯವಾದಾಗ, ಸುಣ್ಣಬಣ್ಣ ಮಾಡಿಸುವುದು ನಮ್ಮ ಜನರಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯಾಗಿದೆ. ಶುಚಿತ್ವಕ್ಕೂ ಅಂದಕ್ಕೂ ಸಾಧಕವಾದ ಈ ಪದ್ಧತಿಯನ್ನು ಯಾರೂ ಆಕ್ಷೇಪಿಸಲಾರರು. ಆದರೆ ಈ ಕಾರ್ಯದ ಆರಂಭದಲ್ಲಿ ನಡೆಯುವ ಒಂದು ಕೆಲಸದ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯುವುದು ಅವಶ್ಯವಾಗಿದೆ. ಹೊಸ ಬಣ್ಣವು ಚೆನ್ನಾಗಿ ಹಿಡಿಯಲೆಂದು ಕಿಟಕಿ ಬಾಗಿಲುಗಳ ಹಳೆಯ ಎಣ್ಣೆಬಣ್ಣವನ್ನು ಉಪ್ಪುಕಾಗದದಿಂದ ಒಣಗಿದ್ದಂತೆಯೇ ಉಜ್ಜಿ ತೆಗೆಯುತ್ತಾರೆ. ಹಿಟ್ಟಿನಂಥ ಧೂಳು ಮನೆಯನ್ನೆಲ್ಲ ತುಂಬುತ್ತದೆ. ಮಕ್ಕಳು ಅದರ ನಡುವೆಯೇ ಆಡುತ್ತಾರೆ. ಸಂಜೆ ಅದನ್ನು ಪೊರಕೆಯಿಂದ ಗುಡಿಸಿ ಅಂಗಳಕ್ಕೆ ಚೆಲ್ಲಿದರೆ ಕೆಲಸ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಆ ಬಣ್ಣದಲ್ಲಿ ಸೀಸವಿದ್ದ ಪಕ್ಷದಲ್ಲಿ ಕೆಲಸವು ಮುಗಿದಿರುವುದಿಲ್ಲ. ಮನೆಯವರು ಹಣ ಕೊಟ್ಟು ವಿಷವನ್ನು ಮನೆಯ ಮೂಲೆಮೂಲೆಗೂ ಹರಡಿಸಿಕೊಂಡಂತಾಗಿರುತ್ತದೆ.

ಬಣ್ಣಕ್ಕೆ ಸೀಸವನ್ನು ಸೇರಿಸುತ್ತಿದ್ದುದಕ್ಕೆ ಕಾರಣಗಳಿಲ್ಲದೆ ಇರಲಿಲ್ಲ. ಬಿಳಿ ಸೀಸವನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ಮರವನ್ನು ಬಿಗಿಯಾಗಿ ಹಿಡಿದು ಮಳೆಬಿಸಿಲುಗಳನ್ನು ಸಹಿಸುವ ಬಣ್ಣವಾಗುತ್ತದೆ. ಸೀಸದ ಕ್ರೋಮೇಟಿನಿಂದ ಹೊಳಪಾದ ಹಳದಿಯೂ, ಅದರೊಡನೆ ನೀಲಿಯನ್ನು ಬೆರೆಸಿದರೆ ಹಸುರೂ ದೊರೆಯುತ್ತವೆ. ಕೆಂಪು ಸೀಸವನ್ನು ಬಳಿದರೆ ಕಬ್ಬಿಣಕ್ಕೆ ತುಕ್ಕು ತಗಲದು. ಎಣ್ಣೆಯು ಬೇಗನೆ ಒಣಗುವುದಕ್ಕೂ ಸೀಸದ ಲವಣಗಳನ್ನು ಬೆರೆಸುತ್ತಿದ್ದರು. ನಮ್ಮ ಪೂರ್ವಿಕರು ಗೋಡೆಗಳಿಗೆ ಬಳಿಯುತ್ತಿದ್ದ ಬರಿಯ ಸುಣ್ಣದಲ್ಲಿ ಈ ದೋಷವಿರಲಿಲ್ಲ. ಎಣ್ಣೆಬಣ್ಣವು ಬಂದ ಮೇಲೆ ಬಾಗಿಲು, ಕಿಟಕಿ, ಕಬ್ಬಿಣದ ಸರಳು, ಜಗುಲಿಯ ಕಟಕಟೆ, ತೊಟ್ಟಿಲು, ಶಾಲೆಯ ಮೇಜು, ಇವುಗಳ ಮೇಲೆಲ್ಲ ಸೀಸವು ನೆಲೆಸಿತು. ಇವೆಲ್ಲವೂ ಮಕ್ಕಳ ಕೈಗೆ ನಿಲುಕುವ ವಸ್ತುಗಳೆಂಬುದನ್ನು ಗಮನಿಸತಕ್ಕದ್ದು.

ಸೀಸವು ಶರೀರಕ್ಕೆ ಯಾವ ಪ್ರಯೋಜನವನ್ನೂ ಮಾಡದು. ಶರೀರವು ಅದನ್ನು ಸುಣ್ಣದ ಅಂಶವೆಂದು ಭ್ರಮಿಸಿ ಎಲುಬುಗಳಲ್ಲಿ ಸಂಗ್ರಹಿಸುತ್ತದೆ. ಅಲ್ಲಿ ಅದು ಹತ್ತಾರು ವರ್ಷ ಉಳಿದು ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ. ಗರ್ಭಿಣಿಯ ಎಲುಬಿನಿಂದ ಹೊರಟ ಸೀಸವು ಗರ್ಭದ ಶಿಶುವನ್ನೂ ಮುಟ್ಟುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಾಲು ಹೆಚ್ಚನ್ನು ಚಿಕ್ಕ ಮಕ್ಕಳ ಶರೀರವು ಹೀರಿಕೊಳ್ಳುವುದುಂಟು. ಬೆಳೆಯುತ್ತಿರುವ ಮೆದುಳಿಗೆ ಅದು ಮಾಡಿದ ಹಾನಿಯು ಮುಂದೆ ಔಷಧದಿಂದ ಸರಿಹೋಗದು. ಮಗುವು ಪಾಠದಲ್ಲಿ ಹಿಂದೆ ಬೀಳುತ್ತದೆ, ಒಂದೆಡೆ ಮನಸ್ಸು ನಿಲ್ಲಿಸಲಾರದು, ಸುಮ್ಮಸುಮ್ಮನೆ ರೇಗುತ್ತದೆ. ತಾಯಿತಂದೆಗಳು ಅದನ್ನು ದಡ್ಡತನವೆಂದೋ ಹಟವೆಂದೋ ತಿಳಿದು ದಂಡಿಸುತ್ತಾರೆ. ಇಂತಿಷ್ಟು ಸೀಸವಿದ್ದರೆ ಅಪಾಯವಿಲ್ಲವೆಂದು ಹೇಳಬಹುದಾದ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ.

ಈ ಅಪಾಯವು ನಿನ್ನೆ ಮೊನ್ನೆ ಕಂಡುಹಿಡಿದುದೂ ಅಲ್ಲ. ಆಸ್ಟ್ರೇಲಿಯದ ಬ್ರಿಸ್ಬೇನ್ ಪಟ್ಟಣದ ಮಕ್ಕಳಲ್ಲಿ ಸೀಸದ ವಿಷಬಾಧೆಯನ್ನು ಡಾಕ್ಟರ್ ಜೆಫರಿಸ್ ಟರ್ನರರು 1890ರ ದಶಕದಲ್ಲಿಯೇ ಗುರುತಿಸಿದರು. ಅದರ ಮೂಲವು ಮನೆಗಳ ಜಗುಲಿಯ ಕಟಕಟೆಗೆ ಬಳಿದ ಬಣ್ಣವೆಂದು ಕಣ್ಣಿನ ವೈದ್ಯರಾದ ಲಾಕ್‌ಹಾರ್ಟ್ ಗಿಬ್ಸನರು 1904ರಲ್ಲಿ ತೋರಿಸಿಕೊಟ್ಟರು. ಉರಿಬಿಸಿಲಿಗೆ ಆ ಬಣ್ಣವು ಪುಡಿಯಾಗುತ್ತಿತ್ತು; ಕಟಕಟೆಯನ್ನು ಹಿಡಿದು ಆಡಿದ ಮಕ್ಕಳು ಅದೇ ಕೈಯನ್ನು ಬಾಯಿಗೆ ಹಾಕುತ್ತಿದ್ದರು. ಬಿಸಿಲೂ ಜಗುಲಿಯೂ ಉಳ್ಳ ನಮ್ಮ ನಾಡಿನವರಿಗೆ ಈ ವೃತ್ತಾಂತವು ದೂರದ್ದೆಂದು ತೋರಲಾರದು. ಕ್ವೀನ್ಸ್‌ಲೆಂಡ್ ಸರ್ಕಾರವು 1922ರಲ್ಲಿ ಮಕ್ಕಳ ಕೈಗೆಟಕುವೆಡೆ ಸೀಸದ ಬಣ್ಣವನ್ನು ಬಳಿಯಕೂಡದೆಂದು ಕಾನೂನು ಮಾಡಿತು. ಅದಕ್ಕೆ ಒಂದು ವರ್ಷ ಮೊದಲೇ, 1921ರಲ್ಲಿ, ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಬಣ್ಣಗಾರರ ಕ್ಷೇಮಕ್ಕಾಗಿ ಬಿಳಿ ಸೀಸದ ಬಳಕೆಯನ್ನು ನಿರ್ಬಂಧಿಸುವ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನವು ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದುದು 1978ರಲ್ಲಿ.

ನಮ್ಮ ದೇಶದ ಸಂಗತಿಯೇನು? 1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ನಿನವರು ದೇಶದ ಹಲವು ಮಹಾನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಿದ ಸೀಸವು ಕಂಡುಬಂದಿತು. ಆಗ ಪೆಟ್ರೋಲಿನಲ್ಲಿಯೂ ಸೀಸವಿದ್ದಿತು. 2000ದಲ್ಲಿ ಅದು ನಿಂತಿತು. ಬಣ್ಣದ ಸೀಸಕ್ಕೆ ಕಡ್ಡಾಯವಾದ ಕಡಿವಾಣವು ಬೀಳಲು ಮತ್ತೆ ಹದಿನೇಳು ವರ್ಷ ಬೇಕಾಯಿತು. ಕೇಂದ್ರ ಪರಿಸರ ಮಂತ್ರಾಲಯವು 2016ರಲ್ಲಿ ಪ್ರಕಟಿಸಿ 2017ರ ನವೆಂಬರ್ 1ರಿಂದ ಜಾರಿಗೆ ತಂದ ನಿಯಮಗಳ ಪ್ರಕಾರ, ಮನೆಗೆ ಬಳಿಯುವ ಹಾಗೂ ಅಲಂಕಾರಕ್ಕೆ ಉಪಯೋಗಿಸುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಿ ಸೀಸವಿರಕೂಡದು. ಡಬ್ಬಿಯ ಮೇಲೆ ಈ ವಿಷಯವನ್ನು ನಮೂದಿಸತಕ್ಕದ್ದು.

ಈ ನಿಯಮಗಳು ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಆಳುವುದು ಡಬ್ಬಿಯೊಳಗಿನ ಬಣ್ಣವನ್ನು. ಅದಕ್ಕೆ ಮೊದಲು ಲಕ್ಷಾಂತರ ಮನೆಗಳ ಬಾಗಿಲುಗಳಿಗೂ, ಶಾಲೆ, ಕಚೇರಿ, ಆಸ್ಪತ್ರೆಗಳ ಕಿಟಕಿಗಳಿಗೂ ಪದರದ ಮೇಲೆ ಪದರವಾಗಿ ಬಳಿದಿರುವ ಬಣ್ಣವು ಎಲ್ಲಿದ್ದಿತೋ ಅಲ್ಲಿಯೇ ಇದೆ. ಅಂಗಡಿಯಲ್ಲಿ ಬಾಗಿಲು ಮುಚ್ಚಿದ ವಿಷವು ಮನೆಯಲ್ಲಿ ವಾಸವಾಗಿದೆ. ಅದರ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮನೆಯ ಯಜಮಾನನೂ ಕಟ್ಟಡದ ಅಧಿಕಾರಿಯೂ ತಾವಾಗಿ ಅರಿಯಬೇಕಾಗಿದೆ.

ಅರಿಯದೆ ಆತುರಪಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕದ ಬಾಲ್ಟಿಮೋರ್ ಪಟ್ಟಣವು ನಿದರ್ಶನವಾಗಿದೆ. ಸೀಸದ ಬಾಧೆಗೊಳಗಾದ ಮಕ್ಕಳ ಮನೆಗಳಲ್ಲಿ ಹಳೆಯ ಬಣ್ಣವನ್ನು ಬೆಂಕಿಯಿಂದ ಸುಟ್ಟೋ ಒಣದಾಗಿ ಉಜ್ಜಿಯೋ ತೆಗೆಯುವ ಪದ್ಧತಿಯು ಅಲ್ಲಿ ಬಹುಕಾಲ ನಡೆಯುತ್ತಿತ್ತು. ಚಿಕಿತ್ಸೆ ಪಡೆದು ಮನೆಗೆ ಮರಳಿದ ಮಕ್ಕಳ ರಕ್ತದಲ್ಲಿ ಸೀಸವು ಮತ್ತೆ ಏರಿತು. ವೈದ್ಯರಾದ ಜೂಲಿಯನ್ ಚಿಸಮರೂ ಅವರ ಸಹೋದ್ಯೋಗಿಗಳೂ 1980ರ ದಶಕದಲ್ಲಿ ಧೂಳನ್ನು ಅಳೆದು ನೋಡಿದಾಗ, ಬಣ್ಣ ತೆಗೆದ ಮೇಲೆ ಮನೆಯ ಧೂಳಿನಲ್ಲಿ ಸೀಸವು ಮೊದಲಿಗಿಂತ ಹೆಚ್ಚಿತ್ತು. ರೋಗವನ್ನು ಕಳೆಯಲೆಂದು ಮಾಡಿದ ಉಪಾಯವೇ ರೋಗವನ್ನು ಬೆಳೆಸಿದ್ದಿತು.

ಇದರಿಂದ ಹೊರಡುವ ಮೊದಲನೆಯ ನೀತಿಯಿದು: ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣವನ್ನು ಕೆಣಕಬಾರದು. ಎಲ್ಲಿಯೂ ಬಿರುಕು, ಸಿಪ್ಪೆ, ಪುಡಿ ಕಾಣದಿದ್ದರೆ ಒದ್ದೆ ಬಟ್ಟೆಯಿಂದ ಒರಸಿ, ಒಣಗಿದ ಮೇಲೆ ಸೀಸವಿಲ್ಲದ ಹೊಸ ಬಣ್ಣವನ್ನು ಬಳಿದು ಮುಚ್ಚುವುದೇ ಕ್ಷೇಮ. ಹಲಗೆಯನ್ನು ಹೊಡೆದು ಮರೆಮಾಡುವುದೂ ಒಂದು ಉಪಾಯ. ಆದರೆ ಪದೇಪದೇ ತೆರೆದು ಮುಚ್ಚುವ ಬಾಗಿಲು ಕಿಟಕಿಗಳ ಅಂಚುಗಳಲ್ಲಿ ಉಜ್ಜಾಟದಿಂದ ದಿನವೂ ಪುಡಿ ಉದುರುತ್ತದೆ. ಅಲ್ಲಿ ಮುಚ್ಚುವುದು ನಿಲ್ಲದು. ಅಂಥವುಗಳನ್ನು ಕಳಚಿ ಬೇರೆ ಹಾಕಿಸುವುದು, ಸಾಧ್ಯವಾಗದಿದ್ದರೆ ಬಣ್ಣವನ್ನು ಕ್ರಮವರಿತು ತೆಗೆಯಿಸುವುದು ಉಚಿತ. ಬಣ್ಣದ ಚೂರನ್ನು ಪ್ರಯೋಗಶಾಲೆಗೆ ಕಳುಹಿಸಿ ಸೀಸವಿದೆಯೇ ಎಂದು ತಿಳಿಯಬಹುದು. ಆ ಅನುಕೂಲವಿಲ್ಲದೆಡೆ 2017ಕ್ಕೆ ಹಿಂದೆ ಬಳಿದ ಎಣ್ಣೆಬಣ್ಣವನ್ನೆಲ್ಲ ಸೀಸವುಳ್ಳದ್ದೆಂದೇ ಭಾವಿಸಿ ನಡೆಯುವುದು ಜಾಣತನ.

ತೆಗೆಯುವ ಕ್ರಮವು ಕಠಿಣವಾದುದಲ್ಲ. ಅದಕ್ಕೆ ತಾಳ್ಮೆಯೊಂದು ಬೇಕು. ಕೆಲಸ ನಡೆಯುವ ಕೋಣೆಯಿಂದ ಮಕ್ಕಳನ್ನೂ ಗರ್ಭಿಣಿಯರನ್ನೂ ಮೊದಲೇ ದೂರವಿಡತಕ್ಕದ್ದು; ಕೆಲಸ ಮುಗಿದು ಶುಚಿಯಾಗುವವರೆಗೆ ಬಂಧುಗಳ ಮನೆಗೆ ಕಳುಹಿಸಿದರೆ ಉತ್ತಮ. ಹಾಸಿಗೆ, ಪಾತ್ರೆ, ಬಟ್ಟೆ, ಆಟಿಕೆಗಳನ್ನು ಹೊರಕ್ಕೆ ಸಾಗಿಸಿ, ಸಾಗಿಸಲಾಗದ ಸಾಮಾನುಗಳನ್ನೂ ನೆಲವನ್ನೂ ದಪ್ಪನೆಯ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಅಂಚುಗಳನ್ನು ಅಂಟುಪಟ್ಟಿಯಿಂದ ಬಿಗಿಯಬೇಕು. ಬಾಗಿಲಿಗೂ ಹಾಳೆಯ ತೆರೆಯನ್ನು ಇಳಿಬಿಡಬೇಕು. ಫ್ಯಾನನ್ನು ತಿರುಗಿಸಕೂಡದು.

ಬಳಿಕ ಬಣ್ಣದ ಮೇಲೆ ನೀರನ್ನು ಸಿಂಪಡಿಸಿ, ನೆನೆಸಿ, ಒದ್ದೆಯಿರುವಾಗಲೇ ಕೆರೆಯಬೇಕು. ಒಣಗಿದಾಗ ಮತ್ತೆ ನೆನೆಸಬೇಕು. ನೀರಿನಲ್ಲಿ ಹಾಳಾಗದ ಉಪ್ಪುಕಾಗದವು ಪೇಟೆಯಲ್ಲಿ ಸಿಕ್ಕುತ್ತದೆ. ಅದನ್ನೂ ಒದ್ದೆಮಾಡಿಯೇ ಉಪಯೋಗಿಸಬೇಕು. ವಿದ್ಯುತ್ತಿನ ತಂತಿ ಮತ್ತು ಗುಂಡಿಗಳ ಹತ್ತಿರ ನೀರು ಹಾಕುವ ಮುನ್ನ ವಿದ್ಯುತ್ತನ್ನು ನಿಲ್ಲಿಸತಕ್ಕದ್ದು. ಧೂಳನ್ನು ಹೀರಿ ಹಿಡಿಯುವ ಹೆಪಾ ಶೋಧಕವಿಲ್ಲದ ವಿದ್ಯುತ್ ಉಜ್ಜುಯಂತ್ರವನ್ನು ಮನೆಯೊಳಗೆ ತರಲೇಕೂಡದು. ಉರಿಯ ಜ್ವಾಲೆಯಿಂದ ಬಣ್ಣವನ್ನು ಸುಡುವುದು ಎಲ್ಲಕ್ಕಿಂತ ಅಪಾಯಕರ. ಸೀಸವು ಹೊಗೆಯಾಗಿ ನೇರವಾಗಿ ಪುಪ್ಪುಸಕ್ಕೆ ಇಳಿಯುತ್ತದೆ. ಬಿಸಿಗಾಳಿಯ ಯಂತ್ರವನ್ನು ಉಪಯೋಗಿಸುವುದಾದರೂ ಶಾಖವು 590 ಡಿಗ್ರಿ ಸೆಲ್ಸಿಯಸನ್ನು ಮೀರದಂತೆ ನೋಡಿಕೊಳ್ಳಬೇಕು. ಬಣ್ಣವನ್ನು ಕರಗಿಸುವ ರಾಸಾಯನಿಕಗಳಲ್ಲಿ ಮಿಥೈಲೀನ್ ಕ್ಲೋರೈಡ್ ಉಳ್ಳದ್ದನ್ನು ಮುಚ್ಚಿದ ಕೋಣೆಯಲ್ಲಿ ಬಳಸಿ ಪ್ರಾಣ ಕಳೆದುಕೊಂಡವರುಂಟು, ಅದನ್ನು ವರ್ಜಿಸತಕ್ಕದ್ದು.

ದಿನದ ಕೆಲಸ ಮುಗಿದೊಡನೆ ಹಾಳೆಯ ಮೇಲೆ ಬಿದ್ದುದನ್ನು ತೇವಗೊಳಿಸಿ, ಹಾಳೆಯನ್ನು ಒಳಮುಖವಾಗಿ ಮಡಚಿ, ಗಟ್ಟಿಯಾದ ಚೀಲದಲ್ಲಿ ಕಟ್ಟಬೇಕು. ಒಣ ಪೊರಕೆಯನ್ನು ಮುಟ್ಟಕೂಡದು. ಸಾಧಾರಣವಾದ ಧೂಳು ಹೀರುವ ಯಂತ್ರವು ಸೂಕ್ಷ್ಮ ಧೂಳನ್ನು ಹಿಂದಿನಿಂದ ಹೊರಕ್ಕೆ ಊದುತ್ತದೆ. ಹೆಪಾ ಶೋಧಕವುಳ್ಳದ್ದೇ ಆಗಬೇಕು. ಅನಂತರ ಸೋಪಿನ ನೀರಿನಿಂದ ಒಮ್ಮೆ, ಶುದ್ಧ ನೀರಿನಿಂದ ಮತ್ತೊಮ್ಮೆ, ಬಟ್ಟೆಯನ್ನೂ ನೀರನ್ನೂ ಆಗಾಗ ಬದಲಾಯಿಸುತ್ತ ನೆಲವನ್ನೂ ಕಿಟಕಿಯ ಕಟ್ಟೆಯನ್ನೂ ಒರಸಬೇಕು. ಆ ನೀರನ್ನು ಬಾವಿಯ ಬಳಿಗಾಗಲಿ ಕೈತೋಟಕ್ಕಾಗಲಿ ಚೆಲ್ಲಕೂಡದು. ಕೆರೆದ ಬಣ್ಣವನ್ನೂ ಬಣ್ಣ ಹಚ್ಚಿದ ಹಳೆಯ ಮರವನ್ನೂ ಸುಡಕೂಡದು. ಹಳೆಯ ಕಿಟಕಿಯ ಚೌಕಟ್ಟನ್ನು ಸೌದೆಯೆಂದು ನೀರೊಲೆಗೆ ಹಾಕುವ ಮಿತವ್ಯಯವು ಬಹು ದುಬಾರಿಯಾದೀತು.

ಇಲ್ಲಿಯವರೆಗೆ ಮನೆಯವರ ಮಾತಾಯಿತು. ಬಣ್ಣಗಾರನ ಮಾತನ್ನು ಆಡುವವರು ವಿರಳ. ಮನೆಯವರಿಗೆ ಈ ಧೂಳು ಕೆಲವು ವರ್ಷಗಳಿಗೊಮ್ಮೆ ಬರುವ ತೊಂದರೆ. ಅವನಿಗೆ ಅದು ನಿತ್ಯದ ಉಸಿರು. ಹೊಟ್ಟೆಶೂಲೆ, ರಕ್ತಹೀನತೆ, ಮಣಿಕಟ್ಟು ಜೋತುಬೀಳುವಿಕೆ, ಇವು ಬಣ್ಣಗಾರರ ರೋಗಗಳೆಂದೇ ಹಿಂದಿನ ವೈದ್ಯಗ್ರಂಥಗಳಲ್ಲಿ ಪ್ರಸಿದ್ಧವಾಗಿದ್ದವು. ಮೂಗಿಗೆ ಕರವಸ್ತ್ರವನ್ನು ಕಟ್ಟಿಕೊಂಡರೆ ಸೂಕ್ಷ್ಮ ಧೂಳು ನಿಲ್ಲದು; ಅದಕ್ಕೆ ತಕ್ಕ ಶೋಧಕವುಳ್ಳ ಮುಸುಕು ಬೇಕು. ಕೈ ಮುಖ ತೊಳೆಯದೆ ಬೀಡಿ ಸೇದುವುದರಿಂದಲೂ ಊಟಕ್ಕೆ ಕೂರುವುದರಿಂದಲೂ ಸೀಸವು ಹೊಟ್ಟೆಗೆ ಸೇರುತ್ತದೆ. ಕೆಲಸದ ಬಟ್ಟೆಯಲ್ಲಿಯೇ ಅವನು ಮನೆಗೆ ಹೋದರೆ ಅವನ ಕೂಸು ಅವನ ಎದೆಗೆ ಒರಗಿದಾಗ ಆ ಧೂಳು ಕೂಸಿನ ಪಾಲಾಗುತ್ತದೆ. ನೀರು, ಸೋಪು, ಬಟ್ಟೆ ಬದಲಾಯಿಸಲು ಸ್ಥಳ, ಒಂದು ಒಳ್ಳೆಯ ಮುಸುಕು, ಇಷ್ಟನ್ನು ಒದಗಿಸುವುದು ಕೆಲಸ ಮಾಡಿಸುವವನ ಧರ್ಮವಾಗಿದೆ. ಒದ್ದೆಮಾಡಿ ಕೆರೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೆಚ್ಚಿನ ಹೊತ್ತಿನ ಕೂಲಿಯನ್ನು ಕೊಡಲು ಹಿಂಜರಿಯುವವನು ಒಣದಾಗಿ ಉಜ್ಜೆಂದು ಬಾಯಿಬಿಟ್ಟು ಹೇಳದಿದ್ದರೂ ಹೇಳಿದಂತೆಯೇ ಸರಿ.

ಸಾರ್ವಜನಿಕ ಕಟ್ಟಡಗಳ ಹೊಣೆ ಹೊತ್ತ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಇದಕ್ಕಿಂತಲೂ ಹೆಚ್ಚಿನದು. ಶಾಲೆಗಳಿಗೂ ಅಂಗನವಾಡಿಗಳಿಗೂ ಆಸ್ಪತ್ರೆಗಳಿಗೂ ಬಣ್ಣ ಮಾಡಿಸುವಾಗ ಅತಿ ಕಡಿಮೆ ದರ ಹೇಳಿದ ಗುತ್ತಿಗೆದಾರನಿಗೆ ಕೆಲಸವು ದೊರೆಯುವುದು ವಾಡಿಕೆ. ಟೆಂಡರಿನ ಕರಾರಿನಲ್ಲಿಯೇ ಒದ್ದೆಯ ಕ್ರಮವನ್ನೂ, ಹಾಳೆಯ ಮರೆಯನ್ನೂ, ಕೊನೆಯ ಶುಚೀಕರಣವನ್ನೂ, ಕೂಲಿಕಾರರ ಮುಸುಕನ್ನೂ ಬರೆದು, ಅವುಗಳ ವೆಚ್ಚವನ್ನು ಅಂದಾಜುಪಟ್ಟಿಯಲ್ಲಿ ಸೇರಿಸದ ಹೊರತು, ಯಾವ ಗುತ್ತಿಗೆದಾರನೂ ತಾನಾಗಿ ಈ ಖರ್ಚನ್ನು ಮೈಮೇಲೆ ಹಾಕಿಕೊಳ್ಳಲಾರನು. ಶಾಲೆಗಳಲ್ಲಿ ಈ ಕೆಲಸವನ್ನು ದೊಡ್ಡ ರಜೆಯಲ್ಲಿ ಮಾತ್ರ ನಡೆಯಿಸಿ, ಶುಚಿಯಾದುದನ್ನು ಕಣ್ಣಾರೆ ನೋಡಿದ ಮೇಲೆ ಮಕ್ಕಳನ್ನು ಒಳಗೆ ಬಿಡತಕ್ಕದ್ದು. ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಲೋಕೋಪಯೋಗಿ ಇಲಾಖೆಯವರೂ ನಗರಸಭೆಗಳವರೂ ತಮ್ಮ ಕರಾರುಪತ್ರಕ್ಕೆ ನಾಲ್ಕು ಸಾಲುಗಳನ್ನು ಸೇರಿಸಿದರೆ ಸಾಕು.

ನಮ್ಮ ಹಿರಿಯರು ಇದೇ ಬಣ್ಣದ ನಡುವೆ ಬಾಳಲಿಲ್ಲವೇ ಎಂದು ಕೆಲವರು ಕೇಳಬಹುದು. ಬಾಳಿದರು, ನಿಜ. ಸೀಸದಿಂದ ಕುಂದಿದ ಬುದ್ಧಿಯು ತಾನು ಕುಂದಿದೆನೆಂದು ಕೂಗಿ ಹೇಳುವುದಿಲ್ಲ. ಆದುದರಿಂದಲೇ ಈ ನಷ್ಟವು ಯಾರ ಲೆಕ್ಕಕ್ಕೂ ಬಾರದೆ ಹೋಯಿತು. ಲೋಕದ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿನವರ, ಎಂದರೆ ಸುಮಾರು 80 ಕೋಟಿ ಮಕ್ಕಳ, ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಸೀಸವಿದೆಯೆಂದು ಯುನಿಸೆಫ್ ಸಂಸ್ಥೆಯು 2020ರಲ್ಲಿ ಅಂದಾಜು ಮಾಡಿತು. ಅದು ಬಂದ ದಾರಿಗಳು ಹಲವು. ಹಳೆಯ ಬ್ಯಾಟರಿಗಳನ್ನು ಕರಗಿಸುವಲ್ಲಿಂದಲೂ ಕಲಬೆರಕೆಯ ಅರಿಸಿನದಿಂದಲೂ ಬರುವುದನ್ನು ಒಬ್ಬ ಗೃಹಸ್ಥನು ತಡೆಯಲಾರನು. ತನ್ನ ಮನೆಯ ಕಿಟಕಿಯಿಂದ ಬರುವುದನ್ನು ತಡೆಯುವುದಕ್ಕೆ ಒಂದು ಬಕೆಟ್ ನೀರು, ಕೆಲವು ಗಜ ಪ್ಲಾಸ್ಟಿಕ್ ಹಾಳೆ, ಕೂಲಿಯವನಿಗೆ ಒಂದೆರಡು ದಿನದ ಹೆಚ್ಚಿನ ಸಂಬಳ, ಇಷ್ಟು ಸಾಕಾಗುತ್ತದೆ. ಮುಂದಿನ ಹಬ್ಬಕ್ಕೆ ಬಣ್ಣಗಾರನನ್ನು ಕರೆಯಿಸುವಾಗ ಯಾವ ಬಣ್ಣ ಬೇಕೆಂಬುದನ್ನು ನಿಶ್ಚಯಿಸುವ ಮೊದಲು, ಹಳೆಯದನ್ನು ಹೇಗೆ ತೆಗೆಯುವನೆಂಬುದನ್ನು ವಾಚಕರು ಅವನೊಡನೆ ಕುಳಿತು ನಿಶ್ಚಯಿಸಿಕೊಳ್ಳಲಿ.