ಮನೆಯಲ್ಲೇ ಕೆಲಸ: ಸಾಮಾನು ಕೊಡುವವರು ಯಾರು, ದುಡ್ಡು ಕೇಳುವವರು ಯಾರು?

ಮುಂಬಯಿ: ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಅಂಟಿಸಿರುವ 'ಘರ್ ಬೈಠೇ ಕಮಾಯಿಯೇ' ಚೀಟಿಗಳನ್ನು ಕಾಣದ ಮುಂಬಯಿ ಕನ್ನಡಿಗರು ಇರಲಾರರು. ಆ ಚೀಟಿ ಈಗ ಮೊಬೈಲಿಗೂ ಬಂದಿದೆ. ಹೆಸರಾಂತ ಕಂಪೆನಿಯ ಪೆನ್ಸಿಲುಗಳನ್ನು ಡಬ್ಬಿಗೆ ತುಂಬಿಸಿ ಕೊಟ್ಟರಾಯಿತು, ತಿಂಗಳಿಗೆ 30 ಸಾವಿರ ರೂಪಾಯಿ ಸಂಬಳ, ಅದರಲ್ಲಿ ಅರ್ಧ ಮುಂಗಡ, ಸಾಮಾನು ಮನೆ ಬಾಗಿಲಿಗೆ! ಡೊಂಬಿವಲಿಯಿಂದ ನಲಸೋಪಾರದವರೆಗೆ, ಮನೆಸಾಲದ ಕಂತು ಮತ್ತು ಮಕ್ಕಳ ಟ್ಯೂಷನ್ ಫೀಸಿನ ನಡುವೆ ಸಂಸಾರ ತೂಗಿಸುತ್ತಿರುವ ಗೃಹಿಣಿಯರಿಗೆ ಇದಕ್ಕಿಂತ ಹಿತವಾದ ಮಾತು ಬೇರೆ ಯಾವುದಿದೆ?

ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಒಂದು ಡಬ್ಬಿ ತುಂಬಿಸಲು 50 ಪೈಸೆ ಕೊಡುತ್ತಾರೆಂದು ಇಟ್ಟುಕೊಂಡರೂ 30 ಸಾವಿರ ರೂಪಾಯಿಗೆ ತಿಂಗಳಲ್ಲಿ 60 ಸಾವಿರ ಡಬ್ಬಿ, ಅಂದರೆ ದಿನಕ್ಕೆ 2 ಸಾವಿರ ಡಬ್ಬಿ ತುಂಬಿಸಬೇಕು. ಡಬ್ಬಿಗೆ ಹತ್ತರಂತೆ 20 ಸಾವಿರ ಪೆನ್ಸಿಲ್. ಹತ್ತಕ್ಕೆ ಹನ್ನೆರಡಡಿಯ ಖೋಲಿಯಲ್ಲಿ ಅವನ್ನು ಇಡುವುದೆಲ್ಲಿ, ಮನೆಯವರು ಮಲಗುವುದೆಲ್ಲಿ? ಕಾರ್ಖಾನೆಯಲ್ಲಿ ಯಂತ್ರದ ಪಕ್ಕದಲ್ಲೇ ಮುಗಿಸಬಹುದಾದ ಕೆಲಸಕ್ಕೆ ಟೆಂಪೋ ಬಾಡಿಗೆ ಕೊಟ್ಟು ಮನೆಮನೆಗೆ ಪೆನ್ಸಿಲ್ ಹಂಚಿ, ಮತ್ತೆ ಒಟ್ಟುಗೂಡಿಸುವುದರಲ್ಲಿ ಕಂಪೆನಿಗೆ ಏನು ಲಾಭ?

ಮೋಸದ ಕ್ರಮ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮೊದಲು ಫೋಟೋ ಮತ್ತು ಆಧಾರ್ ಕೇಳುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಕಂಪೆನಿಯ ಮುದ್ರೆಯುಳ್ಳ ಗುರುತಿನ ಚೀಟಿ ಮೊಬೈಲಿಗೆ ಬರುತ್ತದೆ. ತನ್ನದೇ ಭಾವಚಿತ್ರವಿರುವ ಕಾರ್ಡ್ ಕಂಡಾಗ ನಂಬಿಕೆ ಮೂಡುವುದು ಸಹಜ. ಬಳಿಕ ನೋಂದಣಿಗೆಂದು ಐದಾರು ನೂರು ರೂಪಾಯಿ, ಅದರ ಹಿಂದೆಯೇ ಕೊರಿಯರ್ ಖರ್ಚು, ಜಿಎಸ್‌ಟಿ, ಡಿಪಾಸಿಟ್. 'ಟೆಂಪೋ ನಿಮ್ಮ ಏರಿಯಾಕ್ಕೆ ಬಂದು ನಿಂತಿದೆ, ಇದೊಂದು ಕಳುಹಿಸಿ, ಎಲ್ಲ ರಿಫಂಡ್ ಆಗುತ್ತದೆ ಮೇಡಂ' ಎಂಬ ಮಾತು ಪ್ರತಿ ಬಾರಿಯೂ ಇದ್ದೇ ಇದೆ. ಮೊದಲು ಕೊಟ್ಟ 500 ರೂಪಾಯಿ ಮುಳುಗಬಾರದೆಂದು ಆಮೇಲಿನ ಸಾವಿರಗಳೂ ಹೋಗುತ್ತವೆ. ಅಡುಗೆ ಮನೆಯ ಡಬ್ಬದಲ್ಲಿ ಕೂಡಿಟ್ಟ ಹಣವಾದರೆ ಗಂಡನಿಗೆ ಹೇಳುವಂತಿಲ್ಲ, ನೆರೆಯವರಿಗೆ ಹೇಳಲು ನಾಚಿಕೆ. ಇದು ವಂಚಕರಿಗೂ ಚೆನ್ನಾಗಿ ತಿಳಿದಿದೆ.

ಮನೆಯಲ್ಲಿ ಕುಳಿತು ಮಾಡುವ ನಿಜವಾದ ಕೆಲಸ ಹೇಗಿರುತ್ತದೆ ಎಂಬುದು ಕರಾವಳಿಯ ಮನೆಗಳಿಗೆ ಹೊಸತೇನಲ್ಲ. ದಕ್ಷಿಣ ಕನ್ನಡ, ಉಡುಪಿಯಿಂದ ಬಂದ ಎಷ್ಟೋ ಮಂದಿ ಮುಂಬಯಿಗರು ತಾಯಿ, ಅಕ್ಕಂದಿರು ಬೀಡಿ ಕಟ್ಟಿದ ದುಡ್ಡಿನಲ್ಲಿ ಶಾಲೆ ಕಲಿತವರು. ಬ್ರಾಂಚಿನಲ್ಲಿ ಎಲೆ ಮತ್ತು ಹೊಗೆಸೊಪ್ಪು ತೂಗಿ ಕೊಡುತ್ತಿದ್ದರು. ಕಟ್ಟಿದ ಬೀಡಿಯನ್ನು ಸಾವಿರದ ಲೆಕ್ಕದಲ್ಲಿ ಒಪ್ಪಿಸಿ ಪುಸ್ತಕದಲ್ಲಿ ಬರೆಸಿಕೊಂಡು ಬರಬೇಕಿತ್ತು. ಎಲೆ ಕಡಿಮೆ ಕೊಟ್ಟರು, ಒಳ್ಳೆಯ ಬೀಡಿಯನ್ನೂ ಸರಿಯಿಲ್ಲವೆಂದು ತೆಗೆದಿಟ್ಟರು ಎಂಬ ಜಗಳ ಅಲ್ಲಿಯೂ ಇತ್ತು, ಮಜೂರಿಯೂ ಕೈತುಂಬ ಇರಲಿಲ್ಲ. ಆದರೆ ಎಲೆ ಬೇಕಾದರೆ ಮೊದಲು ರಿಜಿಸ್ಟ್ರೇಷನ್ ಹಣ ತಾ ಎನ್ನುವ ಪದ್ಧತಿ ಇರಲಿಲ್ಲ. ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಪರಿಗಣಿಸುವ ಕಾಯಿದೆ 1966ರಲ್ಲೇ ಬಂದಿತ್ತು.

ಮುಂಬಯಿಯಲ್ಲೂ ಇದಕ್ಕೆ ಉದಾಹರಣೆಗೆ ಬರವಿಲ್ಲ. 1959ರ ಮಾರ್ಚ್ 15ರಂದು ಗಿರ್ಗಾಂವ್‌ನ ಕಟ್ಟಡವೊಂದರ ತಾರಸಿಯಲ್ಲಿ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲ ತೆಗೆದುಕೊಂಡು ಹಪ್ಪಳ ಮಾಡತೊಡಗಿದರು. ಅದೇ ಇಂದಿನ ಲಿಜ್ಜತ್ ಪಾಪಡ್. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು. ಬೆಳಿಗ್ಗೆ ಶಾಖೆಗೆ ಬಂದು ಕಲಸಿದ ಹಿಟ್ಟು ಒಯ್ಯುವುದು, ಮನೆಯಲ್ಲಿ ಲಟ್ಟಿಸಿ ಒಣಗಿಸುವುದು, ತಂದು ಒಪ್ಪಿಸಿ ತೂಕಕ್ಕೆ ತಕ್ಕ ಮಜೂರಿ ಪಡೆಯುವುದು ಅಲ್ಲಿನ ಕ್ರಮ. ಕೆಲಸ ಕೇಳಿಕೊಂಡು ಬಂದವರ ಮನೆ ಶುಚಿಯಾಗಿದೆಯೇ, ಹಪ್ಪಳ ಒಣಗಿಸಲು ಜಾಗವಿದೆಯೇ ಎಂದು ನೋಡುತ್ತಾರೆ. ಮೊಬೈಲಿನಲ್ಲಿ ಸಿಗುವ 'ಎಚ್‌ಆರ್ ಮ್ಯಾನೇಜರ್' ಇಂಥದನ್ನು ಕೇಳುವುದಿಲ್ಲ ಎಂಬುದು ಗಮನಾರ್ಹ.

ಉಳಿದಂತೆ ಈ ಮಹಾನಗರದಲ್ಲಿ ಮನೆಗೆಲಸವಾಗಿ ಸಿಗುವುದು ಸಣ್ಣಪುಟ್ಟ ಕೆಲಸಗಳೇ. ಮಲಾಡ್ ಕಡೆಯ ಇಮಿಟೇಶನ್ ಆಭರಣಗಳಿಗೆ ಮಣಿ ಪೋಣಿಸುವುದು, ಹರಳು ಅಂಟಿಸುವುದು, ರಕ್ಷಾಬಂಧನಕ್ಕೆ ತಿಂಗಳುಗಳ ಮೊದಲೇ ಶುರುವಾಗುವ ರಾಖಿ ಕೆಲಸ, ದೀಪಾವಳಿ ಹತ್ತಿರವಾದಂತೆ ಬರುವ ಉಡುಗೊರೆ ಡಬ್ಬಿಗಳು, ಹೂಬತ್ತಿ, ಸೀರೆಗೆ ಫಾಲ್-ಬೀಡಿಂಗ್. ಡಜನ್ ಅಥವಾ ಗ್ರೋಸ್ ಲೆಕ್ಕದಲ್ಲಿ ಮಜೂರಿ, ಅದೂ ಕಡಿಮೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಚಾಳ್‌ನಲ್ಲಿ ಈಗಾಗಲೇ ಮಾಡುತ್ತಿರುವ ಒಬ್ಬರ ಮೂಲಕ ಹೋಗಿ, ಸಾಮಾನು ಕೊಡುವವರ ಅಂಗಡಿಯನ್ನು ಕಣ್ಣಾರೆ ಕಂಡು, ಮೊದಲ ಸಲ ಸ್ವಲ್ಪವೇ ತಂದು, ಆ ದುಡ್ಡು ಕೈಗೆ ಬಂದ ಮೇಲೆ ಹೆಚ್ಚು ತರುವುದು ಕ್ಷೇಮ. ಸಾಮಾನಿನ ಲೆಕ್ಕ ಮತ್ತು ದರವನ್ನು ಒಂದು ವಹಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ಸಂಘದ ಮಹಿಳಾ ವಿಭಾಗದ ಹಳದಿ ಕುಂಕುಮಕ್ಕೆ ಸೇರುವವರು ಯಾವ ಕೆಲಸಕ್ಕೆ ಎಲ್ಲಿ ಎಷ್ಟು ಕೊಡುತ್ತಾರೆಂದು ಪರಸ್ಪರ ಹೇಳಿಕೊಂಡರೆ ಒಬ್ಬರಿಗೆ ಒಂದು ದರ, ಇನ್ನೊಬ್ಬರಿಗೆ ಇನ್ನೊಂದು ಎಂಬುದಾದರೂ ತಪ್ಪೀತು.

ಇನ್ನು ದೊಡ್ಡ ಮೊತ್ತ ಮುಳುಗುವುದು ಯಂತ್ರದ ವ್ಯವಹಾರದಲ್ಲಿ. ಹೂಬತ್ತಿ, ಅಗರಬತ್ತಿ ಅಥವಾ ಪತ್ರಾವಳಿಯ ಯಂತ್ರವನ್ನು ಪೇಟೆಗಿಂತ ಹೆಚ್ಚಿನ ಬೆಲೆಗೆ ಮಾರಿ, 'ಮಾಡಿದ ಮಾಲನ್ನೆಲ್ಲ ನಾವೇ ಕೊಳ್ಳುತ್ತೇವೆ' ಎಂದು ಸ್ಟ್ಯಾಂಪ್ ಪೇಪರಿನಲ್ಲಿ ಬರೆದುಕೊಡುತ್ತಾರೆ. ಒಂದೆರಡು ತಿಂಗಳು ಕೊಳ್ಳುವುದೂ ಉಂಟು. ಅದನ್ನು ನೋಡಿ ನಾದಿನಿ, ಓರಗಿತ್ತಿಯರೂ ಹಣ ಹಾಕುತ್ತಾರೆ. ಆಮೇಲೆ ಮಾಲು 'ಕ್ವಾಲಿಟಿ ಇಲ್ಲ', ಆಫೀಸಿಗೆ ಬೀಗ. ಒಡವೆ ಅಡವಿಡುವ ಮೊದಲು ಅದೇ ಮಾಲನ್ನು ಭುಲೇಶ್ವರದ ವ್ಯಾಪಾರಿಗಳು ಯಾವ ದರಕ್ಕೆ ಕೊಳ್ಳುತ್ತಾರೆಂದು ಹೋಗಿ ವಿಚಾರಿಸುವುದೊಳ್ಳೆಯದು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. 'ನಿಮ್ಮ ಖಾತೆಗೆ ಕಂಪೆನಿಯ ಹಣ ಬರುತ್ತದೆ, ಕಮಿಷನ್ ಇಟ್ಟುಕೊಂಡು ಉಳಿದುದನ್ನು ಹೇಳಿದ ಕಡೆಗೆ ಕಳುಹಿಸಿ' ಎನ್ನುವುದೂ ಮನೆಯಲ್ಲೇ ಮಾಡುವ ಕೆಲಸವೆಂದೇ ಬರುತ್ತದೆ. ಆ ಹಣ ಬೇರೆ ಯಾರಿಂದಲೋ ದೋಚಿದ್ದು. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕಾರ್ಡನ್ನು ಯಾವ ಕೆಲಸಕ್ಕೂ ಪರರ ಕೈಗೆ ಕೊಡಬಾರದು.

ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆಮಾಡಬೇಕು. ಬೇಗ ತಿಳಿಸಿದಷ್ಟು, ಹಣ ಕೈ ಬದಲಾಗುವ ಮೊದಲೇ ಖಾತೆಯಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು. ಕೂಡಲೇ ಬ್ಯಾಂಕಿಗೂ ತಿಳಿಸಬೇಕು. ಸಮೀಪದ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಕಳುಹಿಸಿದ ಹಣದ ರಶೀದಿ, ಮೊಬೈಲ್ ಸಂಖ್ಯೆ, ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು. ಡೇಟಾ ಎಂಟ್ರಿ ಕೆಲಸ ಒಪ್ಪಿ ನಡುವೆ ಬಿಟ್ಟವರಿಗೆ 'ಕೋರ್ಟ್ ನೋಟೀಸ್' ಎಂದು ವಾಟ್ಸಾಪಿನಲ್ಲಿ ಬೆದರಿಕೆಯ ಕಾಗದ ಬರುವುದುಂಟು. ಹೆದರಿ ದಂಡ ಕಟ್ಟುವ ಬದಲು ಅದನ್ನು ಪರಿಚಯದ ವಕೀಲರಿಗೆ ತೋರಿಸಬೇಕು. ಮುಂಬಯಿಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ವಕೀಲರಿಗೇನೂ ಕೊರತೆಯಿಲ್ಲ.