ಹಳೇ ಹೈಬ್ರಿಡ್ ಕಾರು: ಮೊದಲ ಹಿಂದಿನ ಸೀಟಿನ ಕಡೆ ನೋಡ್ರಿ

ಬಿಡದಿಯೊಳಗ 2013ರಿಂದ ಜೋಡಿಸಿದ ಕ್ಯಾಮ್ರಿ ಹೈಬ್ರಿಡ್‌ಗಳು ಈಗ ಹಳೇವಾಗ್ಯಾವ. ಬೆಳಗಾವಿಯಾಗ ಅಂಥದ್ದೊಂದು ನಿಮ್ಮ ಕಡೆ ಇದ್ರ, ಹಿಂದಿನ ಸೀಟಿನ ಹತ್ರ ಇರೋ ಗಾಳಿ ಜಾಳಿಗಿ ಮೊದಲ ನೋಡ್ರಿ. ಕಾರಿನೊಳಗಿನ ತಂಪು ಗಾಳೀನ ಅಲ್ಲಿಂದನ ಫ್ಯಾನು ಎಳಕೊಂಡು ದೊಡ್ಡ ಬ್ಯಾಟರಿ ತಣ್ಣಗ ಇಡತೈತಿ. ಖಾನಾಪುರದ ಕೆಂಪು ಧೂಳು ಅಲ್ಲಿ ತುಂಬಿದ್ರ ಬ್ಯಾಟರಿ ಕಾಯತೈತಿ, ಆಯುಷ್ಯ ಕಡಿಮಿ ಆಗತೈತಿ. ಧೂಳು ತಗಸ್ರಿ. ಜಾಳಿಗಿ ಮ್ಯಾಲ ಬ್ಯಾಗು, ಚಾದರ ಇಡಬ್ಯಾಡ್ರಿ.

ಬಟನ್ ಒತ್ತಿದ್ರೂ ‘ರೆಡಿ’ ದೀಪ ಹತ್ತಲಿಲ್ಲೇನು? ದೊಡ್ಡ ಬ್ಯಾಟರಿ ಹೋತಂತ ಗಾಬರಿ ಆಗಬ್ಯಾಡ್ರಿ. ಡಿಕ್ಕಿಯೊಳಗಿನ 12 ವೋಲ್ಟ್ ಸಣ್ಣ ಬ್ಯಾಟರಿ ಚೆಕ್ ಮಾಡಸ್ರಿ. ವಾರಗಟ್ಲೆ ನಿಂತ ಗಾಡಿಯೊಳಗ ಅದ ಮೊದಲ ಸೋಲೋದು.

ಜಾಂಬೋಟಿ, ಕಣಕುಂಬಿ ಕಡೆ ಮಳಿ ಭಾಳ ಜೋರು. ಹೈಬ್ರಿಡ್‌ನಾಗ ವೇಗ ತಗ್ಗಿಸೋ ಕೆಲಸ ಬಹಳಷ್ಟು ಮೋಟಾರ ಮಾಡತೈತಿ. ಹಿಂಗಾಗಿ ಬ್ರೇಕ್ ಪ್ಯಾಡ್ ಸವೆಯೋದು ಕಡಿಮಿ, ಆದರ ಮಳಿ ನೀರಿಗೆ ಡಿಸ್ಕಿಗೆ ತುಕ್ಕು ಹಿಡೀತೈತಿ, ಕ್ಯಾಲಿಪರ್ ಜಾಮ್ ಆಗಬಹುದು. ಮಳಿಗಾಲ ಮುಗದ ಮ್ಯಾಲ ಗಾಲಿ ಬಿಚ್ಚಿಸಿ ನೋಡಸ್ರಿ.

ಕಿತ್ತಳೆ ಬಣ್ಣದ ವೈರು ಮಾತ್ರ ನೀವೂ ಮುಟ್ಟಬ್ಯಾಡ್ರಿ, ಓಣಿ ಗ್ಯಾರೇಜಿನವರಿಗೂ ಮುಟ್ಟಾಕ ಬಿಡಬ್ಯಾಡ್ರಿ. ಅದರಾಗ 200 ವೋಲ್ಟ್‌ಗಿಂತ ಹೆಚ್ಚಿನ ಕರೆಂಟ್ ಇರತೈತಿ. ಹೈಬ್ರಿಡ್ ತರಬೇತಿ ಆದವರ ಕಡೆನ ಒಯ್ಯಿರಿ.